ಹೆಲ್ಸಿಂಕಿ–ಕೊಲಾರಿ ರಾತ್ರಿ ರೈಲು: ಆಫೀಸ್ ಟೂರ್ ಮುಗಿಸಿ ನೇರ ಸ್ಕೀ ರಜೆಗೆ

ಈ ಸಲದ ಸ್ಕೀ ರಜೆಗೆ ನಾವು ಫಿನ್ಲೆಂಡಿನ ರೈಲ್ವೆ ಕಂಪನಿ ವಿಆರ್‌ನ ರಾತ್ರಿ ರೈಲಿನಲ್ಲಿ ದೂರದ ಉತ್ತರದ ಕೊಲಾರಿಗೆ ಹೋಗಿಬಂದೆವು. ಹೋಗಿಬಂದು ಎರಡು ವಾರವಾದರೂ ಮನೆಯಲ್ಲಿ ಅದರದೇ ಮಾತು. ಫೆಬ್ರವರಿಯಲ್ಲಿ ಒಂದು ಕಡೆ ಆಫೀಸ್ ಟೂರ್, ಇನ್ನೊಂದು ಕಡೆ ಮಕ್ಕಳ ರಜೆ ಅಂತ ಒದ್ದಾಡುವವರು ನಮ್ಮವರಲ್ಲಿ ತುಂಬ ಜನ ಇದ್ದಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷದ್ದು ಮೊದಲು ಹೇಳಿಬಿಡುತ್ತೇನೆ. ನಾನು ಜರ್ಮನಿಗೆ ಟೂರ್ ಹೋಗಿದ್ದೆ. ಶುಕ್ರವಾರ ಸಂಜೆ ವಾಪಸು ಬಂದು, ಶನಿವಾರ ಬೆಳಗಿನ ಜಾವ ಎಲ್ಲರೂ ಕಾರಿನಲ್ಲಿ ಉತ್ತರದ ಸ್ಕೀ ತಾಣ ಯುಲ್ಲಾಸ್‌ಗೆ ಹೊರಡುವುದು ಅಂತ ಲೆಕ್ಕ ಹಾಕಿದ್ದೆವು. ಶುಕ್ರವಾರದ ವಿಮಾನ ರದ್ದಾಯಿತು. ಬಾಡಿಗೆ ಮನೆಗೆ ದುಡ್ಡು ಕಟ್ಟಿ ಆಗಿತ್ತು. ನಮ್ಮ ಮನೆಯವರು ಒಬ್ಬರೇ ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಹಿಮದ ರಸ್ತೆಯಲ್ಲಿ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ಓಡಿಸಿದರು. ನಾನು ಹೆಲ್ಸಿಂಕಿಗೆ ಬಂದು, ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಯುಲ್ಲಾಸ್ ಹತ್ತಿರದ ಕಿಟ್ಟಿಲಾದಲ್ಲಿ ಇಳಿದಾಗ ಸೋಮವಾರ ಸಂಜೆ. ಅಷ್ಟರಲ್ಲಿ ಮಗಳು ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಇಳಿಜಾರಿನಲ್ಲಿ ಇಳಿದಿದ್ದಳು. ವಿಡಿಯೋ ತೋರಿಸಿದರು, ನೋಡಿದೆ. "ಆದ್ರೆ ಅಮ್ಮ, ನೀನು ಅಲ್ಲಿ ಇರ್ಲಿಲ್ಲ" ಅಂದಳು. ಅವಳೇನೂ ದೂರಿಗೆ ಹೇಳಿದ್ದಲ್ಲ. ಆದರೂ ಆ ಮಾತು ಇಡೀ ವರ್ಷ ನನ್ನ ಜೊತೆಗೇ ಇತ್ತು.

ಇಲ್ಲಿಯವರಿಗೆ ಈ ಒಂದು ವಾರ ಎಷ್ಟು ದೊಡ್ಡದು ಅನ್ನುವುದು ನನಗೆ ಅರ್ಥವಾಗುವುದಕ್ಕೆ ಮೂರು ನಾಲ್ಕು ವರ್ಷವೇ ಬೇಕಾಯಿತು. ಕೆಲಸಕ್ಕೆ ಸೇರಿ ವರ್ಷ ಕಳೆದವರಿಗೆ 30 ದಿನ ರಜೆ. ಅದರಲ್ಲಿ 24 ಬೇಸಿಗೆಗೆ, ಉಳಿದ 6 ಚಳಿಗಾಲಕ್ಕೆ. ಶನಿವಾರವನ್ನೂ ರಜೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ 6 ದಿನ ಅಂದರೆ ಸರಿಯಾಗಿ ಒಂದು ವಾರ. ಶಾಲೆಗಳಿಗೂ ಒಂದೇ ವಾರ ರಜೆ, ಅದಕ್ಕೆ ಹೆಸರೇ ಹೀಹ್ತೋಲೋಮಾ, ಸ್ಕೀ ರಜೆ ಅಂತ. ದೇಶಕ್ಕೆಲ್ಲ ಒಟ್ಟಿಗೆ ಕೊಡುವುದಿಲ್ಲ. ಹೆಲ್ಸಿಂಕಿ, ಎಸ್ಪೋ ಕಡೆಗೆ ವರ್ಷದ 8ನೇ ವಾರ, ಟಂಪೆರೆಗೆ 9ನೇ ವಾರ, ಔಲುವಿಗೆ 10ನೇ ವಾರ. ಅಂದರೆ ಮೂರು ವಾರ ಯಾವ ಮೀಟಿಂಗಿಗೂ ಪೂರ್ತಿ ಜನ ಸಿಗುವುದಿಲ್ಲ. ಇಲ್ಲಿ ಆಫೀಸಿನಲ್ಲಿ ತಾರೀಖು ಹೇಳುವುದಕ್ಕಿಂತ ವಾರದ ನಂಬರ್ ಹೇಳುವುದೇ ಜಾಸ್ತಿ. "8ನೇ ವಾರ ಇರಲ್ಲ" ಅಂದರೆ ಸಾಕು, ಯಾರೂ ಏಕೆ ಅಂತ ಕೇಳುವುದಿಲ್ಲ. ಕೇಳುವುದು ಹೊರದೇಶದ ಗ್ರಾಹಕರು ಮಾತ್ರ. ಈ ಸಲ ನಾನು ನವೆಂಬರಿನಲ್ಲೇ ಅವರಿಗೆ ಮೇಲ್ ಹಾಕಿದೆ. ಟೂರ್ 7ನೇ ವಾರದಲ್ಲೇ ಮುಗಿಯಬೇಕು, ಶುಕ್ರವಾರ ಮಧ್ಯಾಹ್ನದ ವಿಮಾನಕ್ಕೆ ನಾನು ಹೊರಡಬೇಕು ಅಂತ. ಒಪ್ಪಿದರು. ಮೊದಲೇ ಹೇಳಿದರೆ ಒಪ್ಪುತ್ತಾರೆ, ಅದು ನನಗೆ ಗೊತ್ತಿರಲಿಲ್ಲ ಅಷ್ಟೇ.

ಈಗ ರೈಲಿನ ವಿಷಯ. ಸಂಜೆ ಹೆಲ್ಸಿಂಕಿಯಲ್ಲಿ ಹತ್ತಿದರೆ ಬೆಳಿಗ್ಗೆ ಕೊಲಾರಿ. ಫಿನ್ಲೆಂಡಿನಲ್ಲಿ ಪ್ಯಾಸೆಂಜರ್ ರೈಲು ಹೋಗುವ ಉತ್ತರದ ಕೊನೆಯ ನಿಲ್ದಾಣ ಅದು. (ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಕೋಲಾರವಾ?" ಅಂತ ಎರಡು ಸಲ ಕೇಳಿದರು.) ನಮಗೆ ಉಪಯೋಗಕ್ಕೆ ಬಂದ ಮುಖ್ಯ ವಿಷಯ ಬೇರೆಯೇ ಇದೆ. ಈ ರೈಲು ಹೆಲ್ಸಿಂಕಿ ಬಿಟ್ಟ ಮೇಲೆ ಪಾಸಿಲಾ, ಆಮೇಲೆ ಟಿಕ್ಕುರಿಲಾದಲ್ಲಿ ನಿಲ್ಲುತ್ತದೆ. ಏರ್‌ಪೋರ್ಟಿನಿಂದ ಟಿಕ್ಕುರಿಲಾಕ್ಕೆ ಲೋಕಲ್ ಟ್ರೇನಿನಲ್ಲಿ ಹತ್ತು ನಿಮಿಷವೂ ಇಲ್ಲ. ಹಾಗಾಗಿ ವಿಮಾನ ಇಳಿದವರು ಎಸ್ಪೋದ ಮನೆಗೆ ಹೋಗಿ, ಬಟ್ಟೆ ಬದಲಿಸಿ, ಮತ್ತೆ ಹೆಲ್ಸಿಂಕಿ ಸ್ಟೇಷನ್ನಿಗೆ ಓಡುವ ಕೆಲಸವೇ ಇಲ್ಲ. ಮನೆಯವರು ಮಕ್ಕಳನ್ನು ಕರೆದುಕೊಂಡು ಹೆಲ್ಸಿಂಕಿಯಲ್ಲಿ ಹತ್ತಿದರು. ನನ್ನ ಸ್ಕೀ ಪ್ಯಾಂಟು, ಉಣ್ಣೆಯ ಒಳಬಟ್ಟೆ ಎಲ್ಲ ಅವರ ಬ್ಯಾಗಿನಲ್ಲೇ ಇತ್ತು. ಹೆಂಡತಿ ಟಿಕ್ಕುರಿಲಾದಲ್ಲಿ ಹತ್ತುತ್ತಾಳೆ ಅಂತ ಕಂಡಕ್ಟರಿಗೂ ಹೇಳಿಟ್ಟಿದ್ದರು.

ನಾನು ಪ್ಲಾಟ್‌ಫಾರ್ಮಿಗೆ ಬಂದಾಗ ರೈಲಿಗೆ ಇನ್ನೂ ಸಮಯವಿತ್ತು. ಮೈನಸ್ ಹನ್ನೆರಡು. ಕಾಲಿಗೆ ಆಫೀಸಿನ ಶೂ, ಕೈಯಲ್ಲಿ ಕ್ಯಾಬಿನ್ ಸೂಟ್‌ಕೇಸು. ಸುತ್ತ ನಿಂತವರೆಲ್ಲ ಸ್ಕೀ ಚೀಲ ಹೊತ್ತವರು. ಎಲ್ಲಿಗೆ ಯಾವ ಬೋಗಿ ಬರುತ್ತದೆ ಅಂತ ಬೋರ್ಡಿನಲ್ಲಿ ತೋರಿಸುತ್ತಾರೆ, ಅದನ್ನು ನೋಡಿಕೊಂಡು ನಿಂತಿರುವುದು ಒಳ್ಳೆಯದು, ಹಿಮದ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಓಡುವುದು ಕಷ್ಟ. "ಪಾಸಿಲಾ ಬಿಟ್ಟಿತು" ಅಂತ ಮೆಸೇಜ್ ಬಂತು. ಆಮೇಲಿನ ಹತ್ತು ನಿಮಿಷ ಹೋಗಲೇ ಇಲ್ಲ ಅನ್ನಿಸಿತು. ಕೊನೆಗೆ ದೀಪ ಕಂಡಿತು. ಎರಡಂತಸ್ತಿನ ಬೋಗಿಗಳು ಒಂದೊಂದಾಗಿ ನಿಧಾನಕ್ಕೆ ನನ್ನ ಮುಂದೆ ಸರಿದವು. ಒಂದು ಮೇಲಿನ ಕಿಟಕಿಯಲ್ಲಿ ನಾಲ್ಕು ಪುಟ್ಟ ಅಂಗೈ ಗಾಜಿಗೆ ಒತ್ತಿಕೊಂಡಿದ್ದವು, ನಡುವೆ ಮಗನ ಚಪ್ಪಟೆಯಾದ ಮೂಗು. ಗಾಜು ಅವನ ಉಸಿರಿಗೆ ಮಂಜಾಗುತ್ತಿತ್ತು, ಅಕ್ಕ ತೋಳಿನಿಂದ ಒರೆಸುತ್ತಿದ್ದಳು. ನನ್ನ ರಜೆ ಶುರುವಾಗಿದ್ದು ಅಲ್ಲಿ.

ಕ್ಯಾಬಿನ್ ಬಗ್ಗೆ ಹೇಳಬೇಕು. ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿಗೆ ಜಾಗ, ಮೇಲೊಂದು ಕೆಳಗೊಂದು ಮಂಚ. ಬೋಗಿಯ ಮೇಲಂತಸ್ತಿನ ಕ್ಯಾಬಿನ್‌ಗಳಿಗೆ ಸ್ವಂತ ಟಾಯ್ಲೆಟ್ಟು, ಶವರ್ ಇರುತ್ತದೆ. ಕೆಳಗಿನವರು ಟಾಯ್ಲೆಟ್ಟಿಗೆ ಕಾರಿಡಾರಿನದ್ದನ್ನು ಬಳಸಬೇಕು. ಮಕ್ಕಳಿದ್ದರೆ ಜಾಸ್ತಿ ಕೊಟ್ಟರೂ ಮೇಲಿನದನ್ನೇ ತೆಗೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಆರು ವರ್ಷದವನಿಗೆ ಸ್ವೆಟರ್ ಹಾಕಿ ಕಾರಿಡಾರಿಗೆ ಕರೆದುಕೊಂಡು ಹೋಗುವುದು ತಪ್ಪುತ್ತದೆ. ನಾವು ಪಕ್ಕಪಕ್ಕದ ಎರಡು ಕ್ಯಾಬಿನ್ ತೆಗೆದುಕೊಂಡಿದ್ದೆವು. ನಡುವಿನ ಬಾಗಿಲನ್ನು ಸಿಬ್ಬಂದಿ ತೆರೆದುಕೊಟ್ಟರು, ನಾಲ್ಕು ಜನಕ್ಕೆ ಒಂದೇ ಮನೆಯ ಹಾಗಾಯಿತು. ಹಾಸಿಗೆ ಹಾಸಿಯೇ ಇರುತ್ತದೆ, ಟವೆಲ್ ಕೊಡುತ್ತಾರೆ, ಮನೆಯಿಂದ ಏನೂ ಹೊರಬೇಕಾಗಿಲ್ಲ. ಶವರ್ ಜಾಗ ಇಕ್ಕಟ್ಟು, ಮೊಣಕೈ ಗೋಡೆಗೆ ತಾಗುತ್ತದೆ. ಆದರೂ ಇಡೀ ದಿನದ ಮೀಟಿಂಗು, ವಿಮಾನ ಮುಗಿಸಿ ಬಂದವಳಿಗೆ ಓಡುವ ರೈಲಿನಲ್ಲಿ ಮೈಮೇಲೆ ಬಿಸಿನೀರು ಬಿದ್ದ ಸುಖ ಇಷ್ಟು ಅಂತ ಹೇಳುವುದಕ್ಕಾಗುವುದಿಲ್ಲ.

ಮಕ್ಕಳು ಮನೆಯಿಂದ ತಂದ ಒಗ್ಗರಣೆ ಅವಲಕ್ಕಿ ತಿಂದು ಮಲಗಿದ ಮೇಲೆ ನಾನು ರೆಸ್ಟೋರೆಂಟ್ ಬೋಗಿಗೆ ಹೋದೆ. ಒಂದು ಟೀ ತೆಗೆದುಕೊಂಡು, ಟೂರಿನ ಖರ್ಚಿನ ಬಿಲ್ಲನ್ನು ಅಲ್ಲೇ ಮುಗಿಸಿದೆ. ಇದನ್ನು ಒತ್ತಿ ಹೇಳುತ್ತೇನೆ: ಟೂರಿನ ಲೆಕ್ಕ, ರಿಪೋರ್ಟು ಎಲ್ಲ ಆ ರಾತ್ರಿಯೇ ಮುಗಿಸಿಬಿಡಿ. ರೈಲಿನಲ್ಲಿ ವೈಫೈ ಇದೆ, ಆದರೆ ಉತ್ತರಕ್ಕೆ ಹೋದ ಹಾಗೆ ಕಾಡೇ ಕಾಡು, ನೆಟ್‌ವರ್ಕ್ ಬಂದು ಬಂದು ಹೋಗುತ್ತದೆ. ಟಂಪೆರೆ ದಾಟುವಷ್ಟರಲ್ಲಿ ನಾನು ಲ್ಯಾಪ್‌ಟಾಪ್ ಮುಚ್ಚಿ, ಸೂಟ್‌ಕೇಸಿನ ತಳಕ್ಕೆ ಇಟ್ಟು, ಮೇಲೆ ಆಫೀಸಿನ ಬಟ್ಟೆ ಹಾಕಿ ಜಿಪ್ ಎಳೆದೆ. ಮುಂದಿನ ಶನಿವಾರದ ತನಕ ತೆಗೆಯಲಿಲ್ಲ.

ನಿದ್ದೆ? ಗಾಢವಾಗಿ ಬಂತು ಅಂತ ಹೇಳಲಾರೆ. ರೈಲು ತೂಗುತ್ತದೆ, ನಿಲ್ಲುತ್ತದೆ, ಹೊರಡುತ್ತದೆ. ಮಂಚ ಅಗಲವಲ್ಲ. ಸಣ್ಣ ಸದ್ದಿಗೂ ಎಚ್ಚರವಾಗುವವರು ಕಿವಿಗೆ ಹಾಕಿಕೊಳ್ಳುವುದೇನಾದರೂ ತನ್ನಿ. ಮಕ್ಕಳು ಮಾತ್ರ ತೊಟ್ಟಿಲಲ್ಲಿ ಹಾಕಿದ ಹಾಗೆ ಮಲಗಿದರು. ಟೋರ್ನಿಯೋ ಆದ ಮೇಲೆ ಹಳಿಯ ಮೇಲೆ ಕರೆಂಟು ತಂತಿ ಇಲ್ಲ, ಅಲ್ಲಿ ಡೀಸೆಲ್ ಎಂಜಿನ್ನೇ ಎಳೆಯುತ್ತದೆ. ಬೆಳಕು ಹರಿಯುವಾಗ ಮಗ ನನ್ನ ಮಂಚಕ್ಕೆ ಹತ್ತಿ ಬಂದ. ಎಡಗಡೆ ಹೆಪ್ಪುಗಟ್ಟಿದ ಹೊಳೆ ಆಗಾಗ ಕಾಣುತ್ತಿತ್ತು. ಆಚೆ ದಡ ಸ್ವೀಡನ್ ಅಂತ ಹೇಳಿದರೆ ನಂಬಲೇ ಇಲ್ಲ. "ಆ ಮರಾನೂ ಸ್ವೀಡನ್ನಾ? ಅದೂನಾ?" ಅಂತ ಕೇಳುತ್ತಲೇ ಇದ್ದ.

ಕೊಲಾರಿಯಲ್ಲಿ ರೈಲು ಬರುವ ಹೊತ್ತಿಗೆ ಯುಲ್ಲಾಸ್, ಲೇವಿ ಕಡೆಯ ಬಸ್ಸುಗಳು ಹೊರಗೇ ನಿಂತಿರುತ್ತವೆ. ಬಸ್ಸಿಗೆ ಮೊದಲೇ ಬುಕ್ ಮಾಡಿಕೊಂಡರೆ ಚಿಂತೆಯಿಲ್ಲ. ಸ್ವಂತ ಕಾರು ಬೇಕೇ ಬೇಕು ಅನ್ನುವವರು ಪಾಸಿಲಾದಲ್ಲಿ ಕಾರನ್ನೂ ಅದೇ ರೈಲಿಗೆ ಹತ್ತಿಸಬಹುದು. ನಮಗೆ ಬೇಕಾಗಲಿಲ್ಲ. ನಾವು ಯುಲ್ಲಾಸ್ ಪಕ್ಕದ ಊರು ಆ್ಯಕಾಸ್‌ಲೊಂಪೊಲೊದಲ್ಲಿ ಉಳಿದಿದ್ದೆವು. ಅಂಗಡಿ, ಸ್ಕೀ ಬಾಡಿಗೆ, ಕಾಡಿನ ಸ್ಕೀ ದಾರಿಗಳು ಎಲ್ಲ ಹತ್ತಿರ. ಇಳಿಜಾರಿಗೆ ಸ್ಕೀ ಬಸ್ಸು.

ದರ ಕಡಿಮೆಯೇನಲ್ಲ. ದಿನ ನೋಡಿ ಬದಲಾಗುತ್ತದೆ, 8ನೇ ವಾರಕ್ಕೆ ಮುಂಚಿನ ಶುಕ್ರ, ಶನಿವಾರಗಳಿಗೆ ಎಲ್ಲರೂ ಬೀಳುತ್ತಾರೆ. ನಾವು ಮಾರಾಟ ತೆರೆದ ಕೂಡಲೇ ತೆಗೆದುಕೊಂಡೆವು, ಆದರೂ ಎರಡು ಕ್ಯಾಬಿನ್‌ಗೆ ಒಂದು ಕಡೆಗೇ 400 ಯೂರೋ ದಾಟಿತು. ಕಾರಿನಲ್ಲಿ ಹೋದರೆ ಪೆಟ್ರೋಲಿಗೆ ಅಷ್ಟಾಗುವುದಿಲ್ಲ, ನಿಜ. ಆದರೆ ಕಾರಿನ ಲೆಕ್ಕದಲ್ಲಿ ಹೋಗುವುದಕ್ಕೊಂದು ಹಗಲು, ಬರುವುದಕ್ಕೊಂದು ಹಗಲು ಪೂರ್ತಿ ರಸ್ತೆಗೆ ಹೋಗುತ್ತದೆ. ಇರುವುದೇ ಒಂದು ವಾರ. ಅದರಲ್ಲಿ ಎರಡು ಹಗಲು ಉಳಿದರೆ ನನಗೆ ಆ ದುಡ್ಡು ದೊಡ್ಡದಲ್ಲ. ನಮ್ಮ ಮನೆಯವರ ಮುಖ ನೋಡಿದರೂ ಸಾಕಿತ್ತು, ಹೋದ ವರ್ಷ ಅಲ್ಲಿ ತಲುಪಿದಾಗ ಅವರ ಕಣ್ಣು ಕೆಂಪಾಗಿತ್ತಂತೆ, ಈ ವರ್ಷ ಶನಿವಾರ ಮಧ್ಯಾಹ್ನವೇ ಮಕ್ಕಳ ಜೊತೆ ಹಿಮದಲ್ಲಿ ಉರುಳಾಡುತ್ತಿದ್ದರು.

ಯುಲ್ಲಾಸ್ ಗುಡ್ಡ 718 ಮೀಟರ್. ನಾವು ತುದಿಗೆಲ್ಲ ಹೋಗಲಿಲ್ಲ. ದಿನವೂ ಬೆಳಿಗ್ಗೆ ಮಕ್ಕಳ ಇಳಿಜಾರು, ಮಧ್ಯಾಹ್ನ ಕಾಡಿನ ದಾರಿಯಲ್ಲಿ ನಿಧಾನಕ್ಕೆ ಸ್ಕೀ ಮಾಡಿಕೊಂಡು ಹೋಗಿ, ಸಿಕ್ಕ ದಾರಿ ಕೆಫೆಯಲ್ಲಿ ಬಿಸಿ ಹಣ್ಣಿನ ರಸ, ಸಕ್ಕರೆ ಹಚ್ಚಿದ ಮುಂಕ್ಕಿ (ಇಲ್ಲಿಯ ಡೋನಟ್). ಭಾನುವಾರ ಮಗಳು, "ಅಮ್ಮ, ಇಲ್ಲೇ ನಿಂತ್ಕೋ, ಅಲ್ಲಾಡ್ಬೇಡ" ಅಂತ ನನ್ನನ್ನು ಇಳಿಜಾರಿನ ಕೆಳಗೆ ನಿಲ್ಲಿಸಿದಳು. ಮೇಲಿಂದ ಹೊರಟಳು. ಮೊಣಕಾಲು ಬಗ್ಗಿಸಿ, ಹಿಮ್ಮಡಿ ಹೊರಗೆ ತಳ್ಳಿ, ಸ್ಕೀಯ ಮುಂದಿನ ತುದಿ ಒಂದಕ್ಕೊಂದು ಹತ್ತಿರ ತಂದು, ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ತಿರುಗಿ ಬಂದು, ನನ್ನ ಕಾಲಿಗೆ ಎರಡಡಿ ದೂರದಲ್ಲಿ ಸರಿಯಾಗಿ ನಿಂತಳು. ಹಿಮದ ಪುಡಿ ನನ್ನ ಪ್ಯಾಂಟಿಗೆ ಹಾರಿತು. "ನೋಡಿದ್ಯಾ?" ಅಂದಳು. ನೋಡಿದೆ.

ವಾಪಸು ಬರುವುದಕ್ಕೂ ಇದೇ ರೈಲು, ಶನಿವಾರ ಸಂಜೆ ಹತ್ತಿದೆವು. ಭಾನುವಾರ ಬೆಳಿಗ್ಗೆ ಹೆಲ್ಸಿಂಕಿ. ಬಟ್ಟೆ ಒಗೆಯುವುದಕ್ಕೆ ಒಂದು ದಿನ ಸಿಕ್ಕಿತು. ಸೋಮವಾರ ನನಗೆ ಮತ್ತೆ ಸ್ಟಾಕ್‌ಹೋಮ್ ಟೂರ್ ಇತ್ತು. ಐದಕ್ಕೆ ಎದ್ದು ಹೊರಡುವಾಗ ಮಗ ಅರೆನಿದ್ದೆಯಲ್ಲಿ, "ಟಿಕ್ಕುರಿಲಾದಲ್ಲಿ ಹತ್ಕೊಳ್ತೀಯಾ?" ಅಂತ ಕೇಳಿದ. ಇವತ್ತಲ್ಲ ಕಂದಾ, ಮುಂದಿನ ವರ್ಷ ಅಂದೆ.