ಇನ್‌ಸ್ಟ್ರಕ್ಷನಲ್ ಟೆಕ್ನಾಲಜಿಯ ಆನ್‌ಲೈನ್ ಸ್ನಾತಕೋತ್ತರ ಪದವಿ: ಕೆಲವು ವರ್ಷ ದುಡಿದ ಮೇಲಿನ ವಿಮರ್ಶೆ

ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯ ಆನ್‌ಲೈನ್‌ನಲ್ಲಿ ನಡೆಸುವ ಇನ್‌ಸ್ಟ್ರಕ್ಷನಲ್ ಟೆಕ್ನಾಲಜಿಯ (ಪಾಠ, ತರಬೇತಿಗಳನ್ನು ತಂತ್ರಜ್ಞಾನದ ನೆರವಿನಿಂದ ರೂಪಿಸುವ ವಿದ್ಯೆಯ) ಸ್ನಾತಕೋತ್ತರ ಪದವಿಯನ್ನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಮುಗಿಸಿ, ಅದೇ ಕ್ಷೇತ್ರದಲ್ಲಿ ಕೆಲವು ವರ್ಷ ದುಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪದವಿ ಕೈಗೆ ಬಂದ ಹೊಸತರಲ್ಲಿ ಬರೆದಿದ್ದರೆ ಅಲ್ಲಿ ಕಲಿಸಿದ ಸಾಫ್ಟ್‌ವೇರ್‌ಗಳ ಗುಣಗಾನವೇ ಹೆಚ್ಚಾಗುತ್ತಿತ್ತು. ಆ ಸಾಫ್ಟ್‌ವೇರ್‌ಗಳ ರೂಪ ಈಗ ಬಹಳಷ್ಟು ಬದಲಾಗಿದೆ. ಬದಲಾಗದೆ ಉಳಿದು ದಿನವೂ ಕೆಲಸಕ್ಕೆ ಬರುತ್ತಿರುವುದು, ಆಗ ಎಲ್ಲರಿಗೂ ನೀರಸವೆನಿಸಿದ್ದ ಅಗತ್ಯ ವಿಶ್ಲೇಷಣೆಯ, ಎಂದರೆ ತರಬೇತಿ ನಿಜವಾಗಿ ಬೇಕೇ ಎಂದು ಮೊದಲು ಪರಿಶೀಲಿಸುವ ಕ್ರಮದ, ಪಾಠ.

ಇಂಥ ಪದವಿಗಳು ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್‌ಗಳವು. ಸೆಮಿಸ್ಟರಿಗೆ ಎರಡು ವಿಷಯಗಳಂತೆ ತೆಗೆದುಕೊಂಡರೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಬಹುಪಾಲು ಪಾಠಗಳನ್ನು ನಮ್ಮ ಅನುಕೂಲದ ಹೊತ್ತಿನಲ್ಲಿ ಓದಬಹುದಾದರೂ ನೇರ ತರಗತಿಗಳಿಂದ ತಪ್ಪಿಸಿಕೊಳ್ಳಲಾಗದು: ಅಲ್ಲಿನ ಪೂರ್ವ ತೀರದ ಸಂಜೆ 7 ಗಂಟೆಯೆಂದರೆ ನಮಗೆ ಬೇಸಿಗೆಯಲ್ಲಿ ಬೆಳಗಿನ ಜಾವ 4.30, ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕಿಟ್ಟ ಮೇಲೆ 5.30. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಶುಲ್ಕಕ್ಕಿಂತ ಮೊದಲು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲ ಸೆಮಿಸ್ಟರ್ ಪೂರ್ತಿ ಹಳೆಯ ಸಿದ್ಧಾಂತಗಳದ್ದೇ ಮೆರವಣಿಗೆ. 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಸೇನೆಗಾಗಿ ರೂಪಿಸಿದ ವಿಧಾನದಿಂದ ಬೆಳೆದುಬಂದ 'ಆ್ಯಡಿ' (ವಿಶ್ಲೇಷಣೆ, ವಿನ್ಯಾಸ, ಅಭಿವೃದ್ಧಿ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳ) ಚೌಕಟ್ಟು, ಮನೋವಿಜ್ಞಾನಿ ರಾಬರ್ಟ್ ಗಾನ್ಯೆ ಹೇಳಿದ ಬೋಧನೆಯ ಒಂಬತ್ತು ಹಂತಗಳು, ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ತರಬೇತಿಯ ಮೌಲ್ಯಮಾಪನದ ನಾಲ್ಕು ಸ್ತರಗಳು, ಹೀಗೆ ಸಾಲುಸಾಲು. ಇವನ್ನೆಲ್ಲ ಉಚಿತವಾಗಿಯೇ ಓದಿಕೊಳ್ಳಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಓದಿಕೊಳ್ಳುವುದು ಬೇರೆ, ಒಬ್ಬ ನಿಜವಾದ ಗ್ರಾಹಕನ ಎದುರು ಕುಳಿತು 'ನೀವು ಕೇಳುತ್ತಿರುವ ತರಬೇತಿ ನಿಮಗೆ ಬೇಕಾಗಿಲ್ಲ' ಎಂದು ಆಧಾರಸಹಿತ ಹೇಳುವುದು ಬೇರೆ. ಎರಡನೆಯದನ್ನು ಯಾರಾದರೂ ತಿದ್ದಿ ತೀಡಿ ಕಲಿಸಬೇಕಾಗುತ್ತದೆ.

ನನ್ನ ಕೆಲಸದಿಂದಲೇ ಒಂದು ಉದಾಹರಣೆ ಕೊಡುವುದಾದರೆ, ಸಂಸ್ಥೆಯೊಂದರ ಸಿಬ್ಬಂದಿ ಸಾಮಗ್ರಿ ಬೇಡಿಕೆಯ ಫಾರಂ ಅನ್ನು ಪದೇ ಪದೇ ತಪ್ಪಾಗಿ ತುಂಬುತ್ತಿದ್ದರು. ಅದಕ್ಕೊಂದು ಇ-ಕಲಿಕೆಯ ಕೋರ್ಸ್ ಮಾಡಿಕೊಡಿ ಎಂಬ ಬೇಡಿಕೆ ಬಂತು. ತಪ್ಪಾದ ಫಾರಂಗಳನ್ನು ತರಿಸಿಕೊಂಡು ನೋಡಿದಾಗ ಹೆಚ್ಚಿನ ತಪ್ಪುಗಳು ಒಂದೇ ಜಾಗದಲ್ಲಿದ್ದವು. 'ದಿನಾಂಕ' ಎಂಬ ಒಂದೇ ಹೆಸರಿನ ಎರಡು ಕಾಲಂಗಳು ಅಕ್ಕಪಕ್ಕದಲ್ಲಿದ್ದು, ಒಂದು ಬೇಡಿಕೆ ಸಲ್ಲಿಸಿದ ದಿನಕ್ಕೆ, ಇನ್ನೊಂದು ಸಾಮಗ್ರಿ ಬೇಕಾದ ದಿನಕ್ಕೆ ಮೀಸಲಾಗಿತ್ತು. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟ ಮೇಲೆ ಕೋರ್ಸಿನ ಮಾತು ಮತ್ತೆ ಬರಲಿಲ್ಲ. ತೊಂದರೆಯ ಮೂಲ ಅರಿವಿನ ಕೊರತೆಯೋ, ಸಲಕರಣೆಯ ದೋಷವೋ, ಮನಸ್ಸಿಲ್ಲದಿರುವುದೋ ಎಂದು ಮೊದಲು ಬೇರ್ಪಡಿಸಿ ನೋಡುವ ಈ ಕ್ರಮಕ್ಕಾಗಿಯೇ ಶುಲ್ಕದ ಅರ್ಧ ಸಂದಿತೆಂದು ನಾನು ಲೆಕ್ಕ ಹಾಕುತ್ತೇನೆ. ಬಿಲ್ ಮಾಡಬಹುದಾದ ಒಂದು ಪ್ರಾಜೆಕ್ಟನ್ನು ಕೈಬಿಟ್ಟಿದ್ದಕ್ಕೆ ಮ್ಯಾನೇಜರ್ ಮುಖ ಸಣ್ಣದಾಗಿದ್ದೂ ನಿಜ.

ತರಗತಿಯಲ್ಲಿ ಹೆಚ್ಚು ಬಿಸಿಯೇರಿದ್ದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ಅವರ 1983ರ ವಾದದ ಮೇಲಿನ ಚರ್ಚೆ. ಮಾಧ್ಯಮವು ಪಾಠವನ್ನು ಹೊತ್ತು ತರುವ ವಾಹನ ಮಾತ್ರ, ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಬದಲಾಗದು ಎಂಬುದು ಅವರ ನಿಲುವು. ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ಇದನ್ನು ಒಪ್ಪಲಿಲ್ಲ. ಒಂದೊಂದು ಮಾಧ್ಯಮಕ್ಕೂ ಅದರದೇ ಸಾಮರ್ಥ್ಯಗಳಿದ್ದು, ಕಲಿಯುವವರು ಅವುಗಳೊಡನೆ ಸೇರಿಯೇ ಅರಿವನ್ನು ಕಟ್ಟಿಕೊಳ್ಳುತ್ತಾರೆ ಎಂದರು. ಹೊಸ ತಂತ್ರಾಂಶ ಮಾರಲು ಬಂದವರ ಮಾತು ಕೇಳುವಾಗಲೆಲ್ಲ ನನಗೆ ಕ್ಲಾರ್ಕ್ ಅವರೇ ನೆನಪಾಗುತ್ತಾರೆ.

ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ತತ್ತ್ವಗಳನ್ನು ಮಾತ್ರ ನಮ್ಮ ಪರಿಸರಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಚಿತ್ರ ಮತ್ತು ಧ್ವನಿವಿವರಣೆ ಇರುವಾಗ ಅದೇ ಮಾತುಗಳನ್ನು ಪರದೆಯ ಮೇಲೂ ಬರೆದರೆ ಕಲಿಕೆಗೆ ಅಡ್ಡಿ ಎಂಬುದು ಅವುಗಳಲ್ಲೊಂದು. ಆದರೆ ಕನ್ನಡದಲ್ಲಿ ಓದಿ ಬಂದ ಕಾರ್ಮಿಕರಿಗೆ ಇಂಗ್ಲಿಷ್ ಧ್ವನಿಯ ಸುರಕ್ಷತಾ ಪಾಠ ಕೊಡುವಾಗ ಪರದೆಯ ಮೇಲಿನ ಅಕ್ಷರ ಅಡ್ಡಿಯಲ್ಲ, ಆಸರೆ. ತಮ್ಮದಲ್ಲದ ಭಾಷೆಯಲ್ಲಿ ಕಲಿಯುವವರಿಗೆ ಈ ತತ್ತ್ವ ಹಾಗೆಯೇ ಅನ್ವಯಿಸದೆಂದು ಸಂಶೋಧನೆಯೂ ಒಪ್ಪುತ್ತದೆ. ನಮ್ಮ ಪಠ್ಯಕ್ರಮದಲ್ಲಿ ಅದು ಅಡಿಟಿಪ್ಪಣಿಯಷ್ಟೇ ಆಗಿತ್ತು. ವಿಷಯತಜ್ಞರು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದ ಸ್ಕ್ರಿಪ್ಟನ್ನು ಯೂನಿಕೋಡಿಗೆ ತಂದು, ಕೆಟ್ಟುಹೋದ ಒತ್ತಕ್ಷರಗಳನ್ನು ಸಾಲುಸಾಲಾಗಿ ಸರಿಪಡಿಸುವ ಕೆಲಸವಂತೂ ಆ ಪ್ರಾಧ್ಯಾಪಕರ ಊಹೆಗೂ ಬರುವಂಥದ್ದಲ್ಲ.

ನಿಜವಾದ ಕೊರತೆಯಿರುವುದು ತಾಂತ್ರಿಕ ಭಾಗದಲ್ಲಿ. ಇ-ಕಲಿಕೆಯ ಕೋರ್ಸುಗಳು ಬೇರೆ ಬೇರೆ ಕಲಿಕಾ ವೇದಿಕೆಗಳಲ್ಲಿ ನಡೆಯುವಂತೆ ಮಾಡುವ ಸ್ಕಾರ್ಮ್ ಎಂಬ ಮಾನದಂಡ ಎಂದರೇನೆಂದು ವ್ಯಾಖ್ಯಾನ ಬರೆಸಿದರೇ ಹೊರತು, ಹಾಗೆ ಕಟ್ಟಿದ ಕೋರ್ಸಿನ ಪ್ಯಾಕೇಜ್ ಕೈಕೊಟ್ಟಾಗ ಎಲ್ಲಿ ನೋಡಬೇಕೆಂದು ಹೇಳಿಕೊಡಲಿಲ್ಲ. ಸ್ಕಾರ್ಮ್ 1.2ರಲ್ಲಿ ಕಲಿಯುವವರ ಪ್ರಗತಿಯನ್ನು ನೆನಪಿಡುವ 'ಸಸ್ಪೆಂಡ್ ಡೇಟಾ' ಎಂಬ ಜಾಗಕ್ಕೆ 4,096 ಅಕ್ಷರಗಳ ಮಿತಿಯಿದೆ. ರಸಪ್ರಶ್ನೆಗಳು ತುಂಬಿದ ದೊಡ್ಡ ಕೋರ್ಸಿನಲ್ಲಿ ಆ ಮಿತಿ ಮೀರಿದರೆ, ಅರ್ಧಕ್ಕೆ ನಿಲ್ಲಿಸಿ ಹೋದವರು ಮರಳಿ ಬಂದಾಗ ಮತ್ತೆ ಮೊದಲ ಸ್ಲೈಡಿನಲ್ಲೇ ಬಂದು ನಿಲ್ಲಬಹುದು. ಸ್ಕಾರ್ಮ್ 2004ರ ಮೂರನೆಯ ಆವೃತ್ತಿಯಲ್ಲಿ ಈ ಮಿತಿ 64,000ಕ್ಕೆ ಏರಿದೆ. ಇದನ್ನು ನಾನು ಕಲಿತದ್ದು ಕೆಲಸದ ಜಾಗದಲ್ಲಿ, ಮೂಡಲ್ ಎಂಬ ಕಲಿಕಾ ವೇದಿಕೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಂದ.

ಉದ್ಯೋಗದ ದೃಷ್ಟಿಯಿಂದ ಹೇಳುವುದಾದರೆ, ಸಂದರ್ಶನಗಳಲ್ಲಿ ಪದವಿಯ ಹೆಸರಿಗಿಂತ ಹೆಚ್ಚು ಕೆದಕಿ ಕೇಳುವುದು ನಾವು ಮಾಡಿದ ಕೆಲಸಗಳ ಪೋರ್ಟ್‌ಫೋಲಿಯೊವನ್ನು. ಸ್ಟೋರಿಬೋರ್ಡಿನ (ಕೋರ್ಸ್ ಪರದೆಯಿಂದ ಪರದೆಗೆ ಹೇಗೆ ಸಾಗಬೇಕೆಂಬ ನಕ್ಷೆಯ) ಮೊದಲ ಕರಡನ್ನು ಎಐ ಕ್ಷಣದಲ್ಲಿ ಬರೆದುಕೊಡುವ ಈ ದಿನಗಳಲ್ಲಿ ಬರಿಯ ಟೂಲ್ ಪರಿಣತಿಗಾಗಿ ಇಷ್ಟು ಡಾಲರ್ ಸುರಿಯಬೇಕಾಗಿಲ್ಲ. ತಳಹದಿಯಷ್ಟೇ ಸಾಕೆನ್ನುವವರು ಇಗ್ನೊದ ಶೈಕ್ಷಣಿಕ ತಂತ್ರಜ್ಞಾನ ಡಿಪ್ಲೊಮಾವನ್ನೂ ಪರಿಶೀಲಿಸಬಹುದು. ನಮ್ಮಲ್ಲಿ ಅಧ್ಯಾಪಕ ಹುದ್ದೆಯ ಆಸೆಯಿರುವವರು ವಿದೇಶಿ ಆನ್‌ಲೈನ್ ಪದವಿಗೆ ಸಮಾನತೆ ಪ್ರಮಾಣಪತ್ರ ಸಿಗುತ್ತದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ನನ್ನ ಅಂಕ ಐದಕ್ಕೆ ಮೂರೂವರೆ. ವಿಶ್ಲೇಷಣೆ ಮತ್ತು ಮೌಲ್ಯಮಾಪನದ ವಿಷಯಗಳಿಗೆ ಪೂರ್ಣ ಅಂಕ ಕೊಟ್ಟರೂ ತಾಂತ್ರಿಕ ವಿಷಯಗಳಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಅರ್ಜಿ ಹಾಕುವವರು ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ನೋಡುವುದಕ್ಕಿಂತ, ಅಂತಿಮ ಪ್ರಾಜೆಕ್ಟನ್ನು ಹೊರಗಿನ ನಿಜವಾದ ಸಂಸ್ಥೆಗಾಗಿ ಮಾಡಿಸುತ್ತಾರೆಯೇ ಅಥವಾ ಕಾಲ್ಪನಿಕ ಪ್ರಕರಣ ಕೊಟ್ಟು ಮುಗಿಸುತ್ತಾರೆಯೇ ಎಂದು ವಿಭಾಗಕ್ಕೆ ಇಮೇಲ್ ಬರೆದು ಕೇಳಲಿ.