ತಟ್ಟೆ ಇಡ್ಲಿ ಅಂಗಡಿಗೆ ಯಾವ ಕೈಬರಹದ ಫಾಂಟ್?

ನಮ್ಮ ಚಿಕ್ಕಮ್ಮ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಅಂಗಡಿ ಇಟ್ಟಿದ್ದಾರೆ. ಬೋರ್ಡು, ಮೆನು ಎರಡೂ ನನ್ನ ಪಾಲಿಗೆ ಬಂದವು. "ಕೈಯಾಗೆ ಬರ್ದಂಗಿರ್ಬೇಕು ಕಣಪ್ಪ, ಆಫೀಸ್ ನೋಟೀಸ್ ಇದ್ದಂಗೆ ಬ್ಯಾಡ" ಅಂದಿದ್ದರು.

ಹುಬ್ಬಳ್ಳಿ, ಅಕಾಯ ಕನಡಕ, ಬಲೂ ತಮ್ಮ 2, ನವಿಲು. ಈ ನಾಲ್ಕು ಫಾಂಟನ್ನೂ ಇಳಿಸಿಕೊಂಡೆ. ಮೊದಲ ಮೂರು ಗೂಗಲ್ ಫಾಂಟ್ಸ್‌ನಲ್ಲೇ ಇವೆ, ಅಂಗಡಿ ಕೆಲಸಕ್ಕೂ ಪುಕ್ಕಟೆ ಬಳಸಬಹುದು.

ಪರೀಕ್ಷೆಗೆ ಊರಿನ ಹೆಸರೇ ಸಾಕಾಯಿತು. ನಾವು ಬಾಯಲ್ಲಿ ಅನ್ನುವ ಹಾಗೆ 'ಕ್ಯಾತ್ಸಂದ್ರ' ಅಂತ ಬರೆದರೆ ಇರುವುದು ಮೂರೇ ಅಕ್ಷರ, ಮೂರಕ್ಕೂ ಒತ್ತು. ಮೆನು ನೋಡಿದರೂ ಅಷ್ಟೇ: ತಟ್ಟೆ, ಬೆಣ್ಣೆ, ಚಟ್ನಿ, ಚಿತ್ರಾನ್ನ. ಕನ್ನಡದಲ್ಲಿ ಫಾಂಟಿನ ಹಣೆಬರಹ ಒತ್ತಕ್ಷರದಲ್ಲೇ ಗೊತ್ತಾಗುತ್ತದೆ, ಅಲ್ವಾ? ನಾಲ್ಕರಲ್ಲೂ ಎ4 ಹಾಳೆ ಪ್ರಿಂಟ್ ತೆಗೆದು ಶಟರಿಗೆ ಅಂಟಿಸಿ, ರಸ್ತೆಯ ಆಚೆ ಹೋಗಿ ನಿಂತೆ.

ಎರಿನ್ ಮೆಕ್‌ಲಾಫ್ಲಿನ್ ಮಾಡಿರುವ ಹುಬ್ಬಳ್ಳಿ ನನಗೆ ತುಂಬಾ ಹಿಡಿಸಿತು. ಗೆರೆ ಎಲ್ಲಾ ಕಡೆ ಒಂದೇ ದಪ್ಪ, ಪೆನ್ನೆತ್ತದೆ ಬರೆದ ಹಾಗೆ. 'ಚಿತ್ರಾನ್ನ'ದ ಎರಡು ಒತ್ತೂ ಮೇಲಿನ ಅಕ್ಷರಕ್ಕೆ ಅಂಟದೆ ಬಿಡಿಬಿಡಿಯಾಗಿ ಕೂತಿದ್ದವು. ಪಕ್ಕದಲ್ಲಿ ಬೆಲೆಯ ಅಂಕಿಯೂ ಅದೇ ಕೈಯದು ಅನ್ನಿಸಿತು. ಆದರೆ ಇರುವುದು ಒಂದೇ ತೂಕ (ಅಕ್ಷರದ ದಪ್ಪ), ಅದೂ ತೆಳು. ರಸ್ತೆಯಾಚೆಯಿಂದ ನೋಡಿದರೆ ಕಾಣಲೇ ಇಲ್ಲ.

ಬಲೂ ತಮ್ಮದ್ದು ಉಲ್ಟಾ. ಐದು ತೂಕ ಇವೆ, ದುಂಡು ದುಂಡು, ಅಷ್ಟು ದೂರಕ್ಕೂ ಚೆನ್ನಾಗಿ ಓದಿಸಿಕೊಂಡಿತು. ಆದರೆ ಮೃದುವಾಗಿದ್ದ ಮಾತ್ರಕ್ಕೆ ಕೈಬರಹ ಆಗುವುದಿಲ್ಲ. ಅತಿ ದಪ್ಪದ ತೂಕದಲ್ಲಿ ಸಣ್ಣದಾಗಿ ಹಾಕಿದಾಗ 'ಟ್ಟೆ'ಯ ಹೊಟ್ಟೆ ಮುಚ್ಚಿಕೊಂಡಂತೆ ಕಂಡಿತು.

ನವಿಲು ಕೈಬರಹಕ್ಕೆಂದೇ ಮಾಡಿದ್ದು, ನೋಟ್‌ಬುಕ್ಕಿಗೆ ಚೆಂದ. ಬೋರ್ಡಿಗೆ ನನಗೆ ಒಗ್ಗಲಿಲ್ಲ.

ಅಕಾಯಕ್ಕೂ ಒಂದೇ ತೂಕ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ್ದು. ಇದರಲ್ಲಿ ಅಕ್ಷರಕ್ಕೆ ಜೀವ ಇದೆ. ಊರಿನ ಹೆಸರು ಹೊಡೆದರೆ ಮೂರು ಅಕ್ಷರವೂ ಕುಣಿದುಕೊಂಡು ಬಂದವು. ಇಡೀ ಮೆನು ಇದರಲ್ಲೇ ಹಾಕಿದಾಗ ಮಾತ್ರ ನಾಲ್ಕನೇ ಸಾಲಿಗೆ ಕಣ್ಣು ಸೋತಿತು. ಎರಡು ಪದಕ್ಕೆ ಸರಿ, ಹತ್ತು ಸಾಲಿಗೆ ಜಾಸ್ತಿ.

ಕೊನೆಗೆ ಹೆಸರಿಗೆ ಅಕಾಯ, ಒಳಗಿನ ಮೆನುವಿಗೆ ಹುಬ್ಬಳ್ಳಿ ಅಂತ ತೀರ್ಮಾನ ಮಾಡಿದೆ.

ಇಷ್ಟಾದ ಮೇಲೂ ಒಂದು ಎಡವಟ್ಟಾಯಿತು. ಫ್ಲೆಕ್ಸ್ ಹಾಕುವವರ ಹಳೇ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಅಕ್ಷರ ಕೂಡಿಕೊಳ್ಳಲಿಲ್ಲ. 'ತಟ್ಟೆ' ಒಡೆದು 'ತಟ್‌ಟೆ' ಆಗಿತ್ತು! ಮನೆಗೆ ಬಂದು ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಬರೀ ಆಕಾರದ ಗೆರೆಗಳಾಗಿ ಬದಲಿಸಿ, ಪಿಡಿಎಫ್ ಕೊಟ್ಟೆ, ಸರಿಹೋಯಿತು. ನೀವು ಮೊದಲೇ ಹಾಗೆ ಮಾಡಿ ಕೊಡಿ. ಸಾಲುಗಳ ನಡುವೆ ಜಾಗವನ್ನೂ ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಬೋರ್ಡು ಮೇಲೇರಿದ ದಿನ ಚಿಕ್ಕಮ್ಮ ರಸ್ತೆ ದಾಟಿ ಹೋಗಿ, ಸೊಂಟಕ್ಕೆ ಕೈಯಿಟ್ಟುಕೊಂಡು ನೋಡಿದರು. "ನಮ್ಮೂರ್ ಹೆಸ್ರು ಎಷ್ಟ್ ಚೆಂದಾಗೈತೆ ನೋಡು" ಅಂದರು.