ವಿದ್ಯಾರ್ಥಿ ಸಂಘದ ಚುನಾವಣೆಗೆ ಬ್ಲಾಕ್‌ಚೈನ್ ಮತದಾನ ವ್ಯವಸ್ಥೆ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ವಿದ್ಯಾರ್ಥಿ ಸಂಘದ ಚುನಾವಣಾ ಸಮಿತಿಯ ಸದಸ್ಯನಾಗಿ ಈ ವ್ಯವಸ್ಥೆಯನ್ನು ಅದರ ಮೊದಲ ಆವೃತ್ತಿಯಿಂದ ಇಂದಿನವರೆಗೆ ಹಲವು ಚುನಾವಣೆಗಳಲ್ಲಿ ಬಳಸಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ರಚನೆಯ ಬೇರೆ ವ್ಯವಸ್ಥೆಗಳನ್ನು ಕೊಳ್ಳಲು ಅಥವಾ ತಾವೇ ಕಟ್ಟಲು ಹೊರಟವರಿಗೂ ಮುಂದಿನ ಮಾತುಗಳು ಬಹುಮಟ್ಟಿಗೆ ಅನ್ವಯಿಸುತ್ತವೆ. ಬ್ಲಾಕ್‌ಚೈನ್ ಎಂದರೆ ದಾಖಲೆಗಳನ್ನು ಬ್ಲಾಕ್ ಎಂಬ ಕಂತುಗಳಾಗಿ ಒಂದಕ್ಕೊಂದು ಪೋಣಿಸಿ, ಹಲವು ಕಂಪ್ಯೂಟರ್‌ಗಳಲ್ಲಿ ಅವುಗಳ ಪ್ರತಿ ಇಡುವ ವಿಧಾನ. ಒಮ್ಮೆ ದಾಖಲಾದ ಮತವನ್ನು ಯಾರೂ ತಿದ್ದದಂತೆ ಕಾಯುವ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ. ಆದರೆ ಆ ಕಾವಲಿಗೆ ಬೆಲೆ ಬರುವುದು ನೋಡ್‌ಗಳು (ಆ ಪ್ರತಿಗಳನ್ನು ಇಡುವ ಕಂಪ್ಯೂಟರ್‌ಗಳು) ಯಾರ ಕೈಯಲ್ಲಿವೆ ಎಂಬುದರಿಂದಲೇ ಹೊರತು ಬ್ಲಾಕ್‌ಚೈನ್ ಎಂಬ ಹೆಸರಿನಿಂದಲ್ಲ ಎಂಬುದು ನನ್ನ ತೀರ್ಮಾನ.

ಮತದಾರರ ಕಣ್ಣಿಗೆ ಕಾಣುವ ಭಾಗ ಸರಳವಾಗಿದೆ. ವಿದ್ಯಾರ್ಥಿಯು ಸಂಸ್ಥೆಯ ಇಮೇಲ್‌ಗೆ ಬಂದ ಒಟಿಪಿಯಿಂದ ಲಾಗಿನ್ ಆಗಿ ಅಭ್ಯರ್ಥಿಯನ್ನು ಆರಿಸಿದಾಗ, ಮತವು ಬ್ರೌಸರ್‌ನಲ್ಲಿಯೇ ಎಲ್‌ಗಮಾಲ್ ವಿಧಾನದಿಂದ ಗೂಢಲಿಪಿಗೆ ಬದಲಾಗುತ್ತದೆ. ಆ ಗೂಢಲಿಪಿ ಲೆಡ್ಜರ್‌ಗೆ (ಬ್ಲಾಕ್‌ಚೈನ್‌ನ ದಾಖಲೆ ಪುಸ್ತಕಕ್ಕೆ) ಸೇರಿದ ಬಳಿಕ ಅದರ ಶಾ-256 ಹ್ಯಾಶ್, ಅಂದರೆ ಅದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಚಿಕ್ಕ ಸಂಕೇತ, ರಸೀದಿಯಾಗಿ ಮತದಾರರ ಕೈಗೆ ಬರುತ್ತದೆ. ಪ್ರತಿ ಗೂಢಲಿಪಿಯ ಜೊತೆಗೆ, ಅದರೊಳಗಿರುವ ಅಂಕಿ ಸೊನ್ನೆ ಅಥವಾ ಒಂದು ಮಾತ್ರ ಎಂಬುದಕ್ಕೆ ಗಣಿತದ ಪುರಾವೆಯೂ ಇರುತ್ತದೆ. ಅದಿಲ್ಲದಿದ್ದರೆ ಜಾಣನೊಬ್ಬ ಒಂದೇ ಮತಪತ್ರದೊಳಗೆ ನೂರು ಮತಗಳನ್ನು ಅಡಗಿಸಿ ಕಳುಹಿಸಬಹುದು. ಎಣಿಕೆಯಲ್ಲಿ ಒಂದೊಂದೇ ಮತವನ್ನು ಬಿಡಿಸುವುದಿಲ್ಲ. ಗೂಢಲಿಪಿಗಳನ್ನು ಹಾಗೆಯೇ ಕೂಡಿಸಿ ಮೊತ್ತವನ್ನು ಮಾತ್ರ ಬಿಡಿಸಲಾಗುತ್ತದೆ. ಬಿಡಿಸುವ ಕೀಲಿ ಐದು ಪಾಲುಗಳಾಗಿ ಹಂಚಿಹೋಗಿದ್ದು, ಮೂವರು ಪಾಲುದಾರರು ಸೇರದೆ ಎಣಿಕೆ ಆರಂಭವಾಗುವುದಿಲ್ಲ. ಇದಕ್ಕೆ ಆಧಾರವಾದ ರಹಸ್ಯ ಹಂಚಿಕೆಯ ತತ್ವವನ್ನು ಆದಿ ಶಮೀರ್ 1979ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಆರಂಭದಲ್ಲಿ ನಾಲ್ಕು ನೋಡ್‌ಗಳೂ ಒಂದೇ ಸರ್ವರ್ ಕೋಣೆಯಲ್ಲಿ, ಒಬ್ಬನೇ ನಿರ್ವಾಹಕನ ಕೈಯಲ್ಲಿದ್ದವು. ನಾಲ್ಕು ಬಾಗಿಲಿಗೆ ನಾಲ್ಕು ಬೀಗ ಹಾಕಿ ಕೀಲಿಗೊಂಚಲನ್ನು ಒಬ್ಬನ ಸೊಂಟಕ್ಕೇ ಸಿಕ್ಕಿಸಿದ ಹಾಗೆ. ಹಿಂದಿನ ಬ್ಲಾಕ್‌ನ ಹ್ಯಾಶ್ ಮುಂದಿನ ಬ್ಲಾಕ್‌ನಲ್ಲಿ ಇರುವುದರಿಂದ ನಡುವಿನ ಒಂದು ದಾಖಲೆಯನ್ನು ಸದ್ದಿಲ್ಲದೆ ಬದಲಿಸಲಾಗದು ಎಂಬುದು ನಿಜ. ಆದರೆ ಎಲ್ಲ ಪ್ರತಿಗಳೂ ತನ್ನ ಬಳಿಯೇ ಇರುವವನು ಸರಪಳಿಯನ್ನು ಆ ಬ್ಲಾಕ್‌ನಿಂದ ಕೊನೆಯವರೆಗೆ ಮತ್ತೆ ಬರೆದು, ಹ್ಯಾಶ್‌ಗಳನ್ನೆಲ್ಲ ಹೊಸದಾಗಿ ಲೆಕ್ಕಹಾಕಿ ಇಟ್ಟರೆ ಅದನ್ನು ಕಂಡುಹಿಡಿಯಲು ಹೊರಗೆ ಬೇರೊಂದು ಪ್ರತಿಯೇ ಇರುವುದಿಲ್ಲ. ಅಷ್ಟೇ ಅಲ್ಲ, ಎಲ್ಲ ನೋಡ್‌ಗಳೂ ಒಂದೇ ದಾಖಲೆಗೆ ಒಪ್ಪುವಂತೆ ಮಾಡಲು ಆಗ ಬಳಸುತ್ತಿದ್ದ ರಾಫ್ಟ್ ವಿಧಾನವು ನೋಡ್ ಕೆಟ್ಟು ನಿಂತರೆ ತಾಳಿಕೊಳ್ಳುತ್ತದೆಯೇ ಹೊರತು, ನೋಡ್ ಸುಳ್ಳು ಹೇಳಿದರೆ ತಾಳಿಕೊಳ್ಳುವಂತೆ ರೂಪುಗೊಂಡದ್ದಲ್ಲ. ಚುನಾವಣೆಯಲ್ಲಿ ಅಂಜಬೇಕಾದದ್ದು ಎರಡನೆಯದಕ್ಕೆ. ವಂಚಕ ನೋಡ್‌ಗಳನ್ನು ತಾಳಿಕೊಳ್ಳುವ ವಿಧಾನಗಳಲ್ಲಿ ಒಂದು ವಂಚಕ ನೋಡ್‌ಗೆ ಕನಿಷ್ಠ ನಾಲ್ಕು, ಎರಡಕ್ಕೆ ಏಳು ನೋಡ್‌ಗಳು ಬೇಕು.

ಈಗ ನಮ್ಮಲ್ಲಿ ಏಳು ನೋಡ್‌ಗಳಿವೆ. ಸ್ಪರ್ಧಿಸುವ ಪ್ರತಿ ಬಣಕ್ಕೂ ಒಂದೊಂದು ನೋಡ್ ಕೊಟ್ಟು, ಉಳಿದವನ್ನು ಸಮಿತಿ, ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳ ನಡುವೆ ಹಂಚಿದ್ದೇವೆ. ಈ ಬದಲಾವಣೆಯ ಫಲ ಬೇಗನೆ ಕಂಡಿತು. ಅವಧಿ ಮುಗಿದ ಮೇಲೆ ಮತಗಳನ್ನು ತುರುಕಲಾಗಿದೆ ಎಂದು ಸೋತ ಅಭ್ಯರ್ಥಿಯೊಬ್ಬರು ದೂರಿದಾಗ, ಅವರ ಬಣದವರೇ ತಮ್ಮ ನೋಡ್‌ನ ಪ್ರತಿಯನ್ನು ತೆರೆದು ಕೊನೆಯ ಬ್ಲಾಕ್‌ನ ಹ್ಯಾಶ್ ಎಲ್ಲರಲ್ಲೂ ಒಂದೇ ಇರುವುದನ್ನು ನೋಡಿದರು. ದೂರು ಅಲ್ಲಿಗೇ ನಿಂತಿತು. ಸಮಿತಿಯ ಮಾತನ್ನು ನಂಬಿ ಎಂದು ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಈ ವ್ಯವಸ್ಥೆಯ ಪರವಾಗಿ ನಾನು ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ.

ಅತ್ಯಂತ ಕೆಟ್ಟ ದೋಷವನ್ನೂ ಹೇಳಬೇಕು. ಮೊದಲ ಆವೃತ್ತಿಯಲ್ಲಿ ಒಬ್ಬರು ಎರಡು ಸಲ ಮತ ಹಾಕುವುದನ್ನು ತಡೆಯಲು ನೋಂದಣಿ ಸಂಖ್ಯೆಯ ಹ್ಯಾಶ್ ಅನ್ನು ಮತದ ಜೊತೆಗೇ ಲೆಡ್ಜರ್‌ನಲ್ಲಿ ಬರೆಯಲಾಗುತ್ತಿತ್ತು, ಮತ್ತು ಹ್ಯಾಶ್ ಅನ್ನು ಹಿಂದಕ್ಕೆ ತಿರುಗಿಸಲಾಗದು ಎಂಬ ಕಾರಣಕ್ಕೆ ತಯಾರಕರು ಅದನ್ನು ಅನಾಮಧೇಯ ಎಂದು ಕರೆದಿದ್ದರು. ತಿರುಗಿಸುವ ಅಗತ್ಯವೇ ಇಲ್ಲ. ನೋಂದಣಿ ಸಂಖ್ಯೆಗಳು ಒಂದು ಕ್ರಮದಲ್ಲಿರುತ್ತವೆ. ಎಲ್ಲ ಸಂಖ್ಯೆಗಳ ಹ್ಯಾಶ್‌ಗಳನ್ನು ಲೆಕ್ಕಹಾಕಿ ಹೋಲಿಸಿದರೆ, ಯಾರು ಯಾವ ಹೊತ್ತಿಗೆ ಮತ ಹಾಕಿದರು, ಯಾರು ಹಾಕಲೇ ಇಲ್ಲ ಎಂಬ ಪಟ್ಟಿ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಕ್ಷಣಗಳಲ್ಲಿ ಸಿದ್ಧವಾಗುತ್ತದೆ. ಮತ ಯಾರಿಗೆ ಎಂಬುದು ಗೂಢಲಿಪಿಯಲ್ಲಿ ಉಳಿದರೂ, ಆ ಗೂಢಲಿಪಿಯ ಪಕ್ಕದಲ್ಲೇ ಮತದಾರರ ಗುರುತು ಅಂಟಿಕೊಂಡಿರುತ್ತದೆ, ನಾಳೆ ಕೀಲಿ ಸೋರಿದರೆ ಎಲ್ಲವೂ ಬಯಲು. ಅಳಿಸಲಾಗದು ಎಂಬ ಗುಣವೇ ಇಲ್ಲಿ ತೊಂದರೆಯಾಯಿತು: ಡೇಟಾಬೇಸ್ ಆಗಿದ್ದರೆ ಆ ಕಾಲಂ ಅನ್ನು ತೆಗೆದುಹಾಕಬಹುದಿತ್ತು.

ನಂತರದ ಆವೃತ್ತಿಯಲ್ಲಿ ಡೇವಿಡ್ ಚೌಮ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಕುರುಡು ಸಹಿಯ ವಿಧಾನ ಬಂದಿದೆ. ಸಮಿತಿಯು ಮತದಾರರ ಅರ್ಹತೆಯನ್ನು ಪರಿಶೀಲಿಸಿ, ಒಳಗೇನಿದೆ ಎಂದು ತಾನೇ ನೋಡಲಾಗದ ಟೋಕನ್‌ಗೆ ಸಹಿ ಹಾಕುತ್ತದೆ. ಲೆಡ್ಜರ್‌ನಲ್ಲಿ ಕಾಣುವುದು ಆ ಟೋಕನ್ ಮಾತ್ರ. ಜೊತೆಗೆ, ಪ್ರತಿ ಚುನಾವಣೆಗೂ ಹೊಸ ಲೆಡ್ಜರ್ ತೆರೆದು, ತಕರಾರಿನ ಅವಧಿ ಮುಗಿದ ಬಳಿಕ ಕೀಲಿಯ ಪಾಲುಗಳನ್ನು ನಾಶಪಡಿಸುವ ನಿಯಮವನ್ನು ಮಾಡಿಕೊಂಡಿದ್ದೇವೆ. ಎಲ್ಲ ವರ್ಷಗಳ ಮತಗಳನ್ನೂ ಒಂದೇ ಸರಪಳಿಯಲ್ಲಿ ಶಾಶ್ವತವಾಗಿ ಇಡುತ್ತೇವೆ ಎಂದು ಹೆಮ್ಮೆಯಿಂದ ಹೇಳುವ ಮಾರಾಟಗಾರರಿಂದ ದೂರವಿರುವುದು ಒಳ್ಳೆಯದು.

ಕೀಲಿಯ ಉದ್ದವನ್ನು ಕೇಳದೆ ಒಪ್ಪಂದಕ್ಕೆ ಸಹಿ ಹಾಕಬಾರದು. 2019ರಲ್ಲಿ ಮಾಸ್ಕೋ ನಗರದ ಚುನಾವಣೆಗೆ ಸಿದ್ಧವಾಗಿದ್ದ, ಇಥೀರಿಯಂ ಎಂಬ ಬ್ಲಾಕ್‌ಚೈನ್ ಆಧಾರಿತ ವ್ಯವಸ್ಥೆಯಲ್ಲಿ 256 ಬಿಟ್‌ಗೂ ಚಿಕ್ಕದಾದ ಎಲ್‌ಗಮಾಲ್ ಕೀಲಿಗಳಿದ್ದವು. ಫ್ರಾನ್ಸ್‌ನ ಸಂಶೋಧಕ ಪಿಯೆರಿಕ್ ಗೋದ್ರಿ ಸಾಮಾನ್ಯ ಕಂಪ್ಯೂಟರಿನಲ್ಲಿ ಸುಮಾರು 20 ನಿಮಿಷಗಳಲ್ಲಿ ಅವುಗಳನ್ನು ಭೇದಿಸಬಹುದೆಂದು ತೋರಿಸಿದರು. ಸರಪಳಿ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೂ ಮತದ ಗುಟ್ಟಿಗೂ ಸಂಬಂಧವಿಲ್ಲ.

ಮತ ಲೆಡ್ಜರ್ ತಲುಪುವ ಮೊದಲು ನಡೆಯುವ ಯಾವುದನ್ನೂ ಈ ವ್ಯವಸ್ಥೆ ಸರಿಪಡಿಸುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ, ಆ ತಪ್ಪು ಪಟ್ಟಿಯನ್ನೇ ಅದು ನಿಷ್ಠೆಯಿಂದ ಕಾಯುತ್ತದೆ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈಗಲೂ ಪಟ್ಟಿಯ ಬಗ್ಗೆಯೇ. ಪಕ್ಕದಲ್ಲಿ ನಿಂತು ಇಂಥವರಿಗೇ ಹಾಕು ಎಂದು ಒತ್ತಾಯಿಸುವ ಗೆಳೆಯನನ್ನು ತಡೆಯುವ ಗೂಢಲಿಪಿ ಇಲ್ಲ. ಅದಕ್ಕಾಗಿ, 2005ರಿಂದ ಅಂತರ್ಜಾಲ ಮತದಾನ ನಡೆಸುತ್ತಿರುವ ಎಸ್ಟೋನಿಯಾದ ರೀತಿಯಲ್ಲಿ, ಅವಧಿ ಮುಗಿಯುವವರೆಗೆ ಮತವನ್ನು ಮತ್ತೆ ಹಾಕಬಹುದು, ಕೊನೆಯದು ಮಾತ್ರ ಎಣಿಕೆಗೆ ಬರುತ್ತದೆ ಎಂಬ ನಿಯಮವನ್ನು ಅಳವಡಿಸಿದ್ದೇವೆ. ಒತ್ತಡದ ತೀವ್ರತೆ ಇದರಿಂದ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತನ್ನ ಸಾಧನವೇ ಮತವನ್ನು ತಿರುಚುತ್ತಿಲ್ಲವೆಂದು ಪರೀಕ್ಷಿಸಲು, ಕಳುಹಿಸುವ ಮುನ್ನ ಗೂಢಲಿಪಿಯನ್ನು ತೆರೆದು ತೋರಿಸುವಂತೆ ಕೇಳುವ ಸೌಲಭ್ಯವೂ ಇದೆ; ಕೆಲವರು ಹೀಗೆ ಪರೀಕ್ಷಿಸಿದರೂ ದೊಡ್ಡ ಪ್ರಮಾಣದ ಮೋಸ ಸಿಕ್ಕಿಬೀಳುತ್ತದೆ. ಆದರೆ ಆ ಗುಂಡಿಯನ್ನು ಪುಟದ ತಳದಲ್ಲಿ ಅಡಗಿಸಿಟ್ಟಿದ್ದಾರೆ, ಹೆಚ್ಚಿನ ವಿದ್ಯಾರ್ಥಿಗಳು ಅದನ್ನು ನೋಡಿಯೇ ಇಲ್ಲ.

ಇಷ್ಟಕ್ಕೆಲ್ಲ ಬ್ಲಾಕ್‌ಚೈನ್ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೆನ್ ಅಡಿಡಾ 2008ರಲ್ಲಿ ಪರಿಚಯಿಸಿದ ಹೀಲಿಯಸ್ ಮುಕ್ತ ತಂತ್ರಾಂಶವು ಬ್ಲಾಕ್‌ಚೈನ್ ಇಲ್ಲದೆಯೇ ಗೂಢಲಿಪಿಯ ಮತ, ರಸೀದಿ ಮತ್ತು ಪರಿಶೀಲಿಸಬಹುದಾದ ಎಣಿಕೆಯನ್ನು ಕೊಡುತ್ತದೆ; 2009ರಲ್ಲಿ ಬೆಲ್ಜಿಯಂನ ವಿಶ್ವವಿದ್ಯಾಲಯವೊಂದು ತನ್ನ ಮುಖ್ಯಸ್ಥರನ್ನು ಅದರ ಮೂಲಕ ಆರಿಸಿತು. ಎಲ್ಲ ಬಣಗಳೂ ಒಪ್ಪುವ ತಟಸ್ಥ ನಿರ್ವಾಹಕರು ನಿಮ್ಮಲ್ಲಿದ್ದರೆ ಅದೇ ಸಾಕು, ನಿರ್ವಹಣೆಯೂ ಹಗುರ. ಅಂಥವರು ಸಿಗದ ಕಡೆ ಮಾತ್ರ ಲೆಡ್ಜರ್‌ನ ಪ್ರತಿಗಳನ್ನು ಎದುರಾಳಿಗಳ ನಡುವೆ ಹಂಚುವ ಈ ಹೆಚ್ಚಿನ ಶ್ರಮ ಸಾರ್ಥಕ.

ದಿನಬಳಕೆಯ ಕಿರಿಕಿರಿಗಳೂ ಇವೆ. ಕೊನೆಯ ನಿಮಿಷಗಳ ನೂಕುನುಗ್ಗಲಿನಲ್ಲಿ ರಸೀದಿ ಬರುವುದು ತಡವಾಗುತ್ತದೆ, ಆಗ ಮತ ಸೇರಿತೋ ಇಲ್ಲವೋ ಎಂದು ಪರದೆ ಸ್ಪಷ್ಟವಾಗಿ ಹೇಳುವುದಿಲ್ಲ. ಕೆಲವೇ ಮತದಾರರಿರುವ ವಿಭಾಗದಲ್ಲಿ ಎಲ್ಲರೂ ಒಬ್ಬರಿಗೇ ಮತ ಹಾಕಿದ್ದರೆ ಫಲಿತಾಂಶವೇ ಗುಟ್ಟನ್ನು ಒಡೆಯುತ್ತದೆ, ಆದ್ದರಿಂದ ಸಾಮಾನ್ಯ ಹುದ್ದೆಗಳಿಗೆ ವಿಭಾಗವಾರು ಅಂಕಿಗಳನ್ನು ಪ್ರಕಟಿಸುವ ಆಯ್ಕೆಯನ್ನು ನಾವು ಮುಚ್ಚಿದ್ದೇವೆ. ಪ್ರಾಶಸ್ತ್ಯದ ಕ್ರಮದಲ್ಲಿ ಹಾಕುವ ಮತಗಳಿಗೆ ಗೂಢಲಿಪಿಗಳನ್ನು ಕೂಡಿಸುವ ವಿಧಾನ ಒಗ್ಗುವುದಿಲ್ಲ. ಅವುಗಳನ್ನು ಮೊದಲು ಗುರುತು ಸಿಗದಂತೆ ಕಲಸಿ, ನಂತರ ಬಿಡಿಸುವ ಮಿಕ್ಸ್‌ನೆಟ್ ಬೇಕು, ಅದು ಇನ್ನೂ ಈ ವ್ಯವಸ್ಥೆಯಲ್ಲಿಲ್ಲ. ನಮ್ಮ ಸಂಘದಲ್ಲಿ ಪ್ರಾಶಸ್ತ್ಯದ ಮತದಿಂದ ಆಯ್ಕೆಯಾಗುವುದು ಅಧ್ಯಕ್ಷ ಹುದ್ದೆಯೊಂದೇ, ಮತ್ತು ಅದಕ್ಕೆ ನಾವು ಈಗಲೂ ಕಾಗದದ ಮತಪತ್ರವನ್ನೇ ಬಳಸುತ್ತಿದ್ದೇವೆ.